ಗೋಳಗುಮ್ಮಟಕ್ಕೆ ಹೊರಟ ಸೋಮವಾರ

ಹುಬ್ಬಳ್ಳಿಯ ಒಂದು ದಿನಪತ್ರಿಕೆಯ ಸುದ್ದಿಮನೆಯಲ್ಲಿ ನಾನು ಕೆಲಸಕ್ಕೆ ಸೇರಿ ನಾಲ್ಕು ವರ್ಷವಾಗಿತ್ತು. ನನ್ನ ವಾರದ ರಜೆ ಸೋಮವಾರ. ಓದುಗರು ಈ ಎರಡನೆಯ ಮಾತನ್ನು ನೆನಪಿಟ್ಟುಕೊಳ್ಳಬೇಕು. ನಾನು ಅದನ್ನು ಸರಿಯಾದ ಕಡೆ ನೆನಪಿಟ್ಟುಕೊಂಡಿದ್ದರೆ ಇದನ್ನು ಬರೆಯುವ ಪ್ರಸಂಗ ಬರುತ್ತಿರಲಿಲ್ಲ.

ನಮ್ಮೂರು ಅಣ್ಣಿಗೇರಿ ಸ್ಟೇಶನ್ನಿನಿಂದ ನಾಲ್ಕು ಮೈಲಿ ಒಳಗೆ, ಎರೆಭೂಮಿಯ ನಡುವೆ ಇದೆ. ಎಂಬತ್ತರ ದಶಕದ ಆ ವರ್ಷಗಳಲ್ಲಿ ಊರಿಗೆ ಬಸ್ಸು ಇರಲಿಲ್ಲ. ಎಲ್ಲಿಗೆ ಹೋಗಬೇಕೆಂದರೂ ಮೊದಲು ಅಣ್ಣಿಗೇರಿಗೆ ಬರಬೇಕು. ಬರಲು ಬಂಡಿ ಇತ್ತು, ಇಲ್ಲವೆಂದರೆ ಕಾಲು. ಅಪ್ಪ ತೀರಿಕೊಂಡ ಮೇಲೆ ಮನೆ, ಹೊಲ, ಒಂದು ಜೋಡಿ ಎತ್ತು ಎಲ್ಲವನ್ನೂ ಅಪ್ಪನ ತಮ್ಮ, ನಮ್ಮ ಕಾಕಾ, ನೋಡಿಕೊಳ್ಳುತ್ತಿದ್ದರು. ಅಪ್ಪನ ತಾಯಿ, ನಮ್ಮೆಲ್ಲರ ಆಯಿ, ಅವರ ಜೊತೆಗೇ ಇದ್ದಳು.

ಆಯಿಗೆ ಕಿವಿ ಕೇಳಿಸುವುದು ಕಡಿಮೆಯಾಗಿ ಎರಡು ವರ್ಷವಾಗಿತ್ತು. ಹತ್ತಿ ಬಿಡಿಸುವ ಕೆಲಸ ಮುಗಿಯುತ್ತ ಬಂದ ದಿನಗಳಲ್ಲಿ ನಾನು ಅವಳನ್ನು ಹುಬ್ಬಳ್ಳಿಗೆ ಕರೆಸಿ ಕಿವಿಯ ಡಾಕ್ಟರರಿಗೆ ತೋರಿಸಿದೆ. ಎಡಗಿವಿ ಹೋಗಿದೆ, ಬಲಗಿವಿ ಹೋಗುತ್ತಿದೆ, ಇನ್ನು ಕೆಲವು ತಿಂಗಳು ತಡೆದರೆ ಹೆಚ್ಚು ಎಂದರು. ದವಾಖಾನೆಯ ಮೆಟ್ಟಿಲ ಮೇಲೆ ನಿಂತು ನಾನು ಇದನ್ನು ಅವಳ ಬಲಗಿವಿಗೆ ಕೂಗಿ ಹೇಳಬೇಕಾಯಿತು. ರಸ್ತೆಯಲ್ಲಿ ಹೋಗುತ್ತಿದ್ದ ನಾಲ್ಕು ಜನ ನಿಂತು ಕೇಳಿದರು. ಆಯಿ ಅಳಲಿಲ್ಲ. ಸೆರಗು ಸರಿಪಡಿಸಿಕೊಂಡು, "ಹಂಗಾದ್ರ ಗೋಳಗುಮ್ಮಟಕ್ಕ ಈಗ ಹೋಗಬೇಕು" ಎಂದಳು.

ಇದಕ್ಕೆ ಕಾರಣವಿತ್ತು. ಅಜ್ಜ ಪ್ರಾಯದಲ್ಲಿ ಒಮ್ಮೆ ಎತ್ತು ಕೊಳ್ಳಲು ಬಿಜಾಪುರಕ್ಕೆ ಹೋಗಿ, ಜೊತೆಯವರೊಂದಿಗೆ ಗುಮ್ಮಟ ಹತ್ತಿದ್ದರು. ಅಲ್ಲಿ ಎಲ್ಲರೂ ಚಪ್ಪಾಳೆ ತಟ್ಟುವವರು, ದೇವರ ಹೆಸರು ಕೂಗುವವರು. ಅಜ್ಜನಿಗೆ ಏನು ಕೂಗಬೇಕೆಂದು ತೋಚಲಿಲ್ಲ. ಹೊಲದಲ್ಲಿ ಸಾಲು ಮುಗಿದಾಗ ಎತ್ತು ಹೊಳ್ಳಿಸಲು, ಅಂದರೆ ಹಿಂದಕ್ಕೆ ತಿರುಗಿಸಲು, ಕೂಗುವ 'ಹೋ... ಬಾ' ಎಂಬ ಕೂಗನ್ನೇ ಕೂಗಿಬಿಟ್ಟರು. ಅದು ಏಳು ಸಲ ತಿರುಗಿ ಬಂತಂತೆ. ಮೇಲಿದ್ದವರೆಲ್ಲ ನಕ್ಕರಂತೆ. ಏಳು ಸಾಲಿನ ತುದಿಗೆ ಏಳು ಮಂದಿ ನಿಂತು ಎತ್ತು ಹೊಳ್ಳಿಸಿದ ಹಾಗಾಯಿತು ಎಂದು ಅಜ್ಜ ಸಾಯುವತನಕ ಹೇಳುತ್ತಿದ್ದರು. ಕರೆದುಕೊಂಡು ಹೋಗುತ್ತೇನೆ ಎಂದು ಆಯಿಗೆ ಮಾತು ಕೊಟ್ಟಿದ್ದರು, ಆದರೆ ಒಂದು ವರ್ಷ ಸುಗ್ಗಿ, ಒಂದು ವರ್ಷ ಬಾಣಂತನ ಅನ್ನುತ್ತ ಅದು ಆಗಲೇ ಇಲ್ಲ. ಆಯಿಯೂ ಎಂದೂ ನೆನಪಿಸಿರಲಿಲ್ಲ. ಈಗ ಕಿವಿ ಇರುವಾಗ ಒಮ್ಮೆ ಅದನ್ನು ಕೇಳಬೇಕು. ಅವಳಿಗೆ ಬೇಕಾದದ್ದು ಇಷ್ಟೇ.

ನಾನು ಸೋಮವಾರದ ರಜೆಗೆ ಮಂಗಳವಾರದ ರಜೆಯೊಂದನ್ನು ಸೇರಿಸಿಕೊಂಡೆ. ಮುಂದಿನ ಎರಡು ತಿಂಗಳು ಮತ್ತೆ ರಜೆ ಕೇಳುವುದಿಲ್ಲ ಎಂದು ಆಫೀಸಿನಲ್ಲಿ ಬರೆದುಕೊಟ್ಟು, ರಾತ್ರಿ ಪಾಳಿ ಮುಗಿಸಿ ಭಾನುವಾರ ಮಧ್ಯಾಹ್ನ ಊರಿಗೆ ಬಂದೆ. ಅದೇ ಹೊತ್ತಿಗೆ ತಿರ್ಲಾಪುರದಿಂದ ಸೋದರತ್ತೆಯ ಗಂಡ ತಮ್ಮ ಟೆಂಪೊ ತೆಗೆದುಕೊಂಡು ಬಂದಿದ್ದರು. ಆ ಮಾವ ರೈತರಿಂದ ಹತ್ತಿ ತುಂಬಿದ ದೊಡ್ಡ ಚೀಲಗಳನ್ನು, ಅಂಡಿಗೆಗಳನ್ನು, ಏರಿಸಿಕೊಂಡು ಗದಗಿನ ಮಾರ್ಕೆಟ್ಟಿಗೆ ಮುಟ್ಟಿಸುತ್ತಿದ್ದರು. ಹೀಗೆ ಪಡಸಾಲೆಯಲ್ಲಿ ಮೂರು ಜನ ಗಂಡಸರು ಕೂತೆವು. ಬಿಜಾಪುರಕ್ಕೆ ಯಾವುದರಲ್ಲಿ ಹೋಗಬೇಕು ಎಂಬ ಚರ್ಚೆ ನಾಲ್ಕು ತಾಸು ನಡೆಯಿತು.

ನಾನು ರೈಲಿನ ಪಕ್ಷ. ಅಣ್ಣಿಗೇರಿಯಲ್ಲಿ ಬೆಳಗಿನ ಪ್ಯಾಸೆಂಜರ್ ಹತ್ತಿದರೆ ಎಲ್ಲಿಯೂ ಇಳಿಯದೆ ಬಿಜಾಪುರ. ಸ್ಟೇಶನ್ನಿನಿಂದ ಗುಮ್ಮಟ ಕಣ್ಣಳತೆಯಲ್ಲಿದೆ. ಕಾಕಾ ಬಸ್ಸಿನ ಪಕ್ಷ. ಬಸ್ಸಿಗೆ ಕೈ ಮಾಡಿದರೆ ನಿಲ್ಲುತ್ತದೆ, ರೈಲು ಯಾರ ಮಾತೂ ಕೇಳುವುದಿಲ್ಲ ಎನ್ನುವುದು ಅವರ ವಾದ. ಬಸ್ಸಾದರೆ ಗದಗಿನಲ್ಲಿ ಒಮ್ಮೆ, ಸಿಗದಿದ್ದರೆ ಬಾಗಲಕೋಟೆಯಲ್ಲಿ ಇನ್ನೊಮ್ಮೆ ಬದಲಿಸಬೇಕು ಎಂದೆ. ಬದಲಿಸಿದರೆ ಕಾಲು ಸಡಿಲಾಗುತ್ತವೆ ಎಂದರು. ಮಾವ ತಮ್ಮ ಟೆಂಪೊದ ಪಕ್ಷ. ಅದು ಬಾಗಿಲಿಗೇ ಬರುತ್ತದೆ, ಬಾಗಿಲಲ್ಲೇ ಇಳಿಸುತ್ತದೆ. ಎಂಟು ದಿನ ತಡೆದರೆ ತಾವೇ ಬಿಜಾಪುರದ ತನಕ ಬಿಟ್ಟುಬರುವುದಾಗಿ ಹೇಳಿದರು.

ಸುದ್ದಿಮನೆಯಲ್ಲಿ ನಮಗೆ ಕಲಿಸಿದ್ದು ಒಂದೇ: ಕಂಡದ್ದನ್ನು ಕಂಡ ಹಾಗೆ ಹೇಳುವುದು. ಟೆಂಪೊದ ಎಡಗಡೆಯ ಬಾಗಿಲು ಮುಚ್ಚಿಕೊಳ್ಳುವುದಿಲ್ಲ, ಅದಕ್ಕೆ ಹಗ್ಗ ಕಟ್ಟಿದ್ದಾರೆ ಎಂದು ನಾನು ಹೇಳಿದೆ. ಅದು ನಿಜವಾಗಿತ್ತು. ಆದರೆ ಮನೆಯ ಅಳಿಯನ ಎದುರಿಗೆ ಅದನ್ನು ಹೇಳಬಾರದಿತ್ತು ಎಂದು ಎಲ್ಲರ ಮುಖ ನೋಡಿದಾಗ ತಿಳಿಯಿತು. ಮಾವ ಎದ್ದರು. "ಹಗ್ಗ ಕಟ್ಟೇನಿ, ಹೌದು. ಇಷ್ಟು ವರ್ಷದಾಗ ಒಬ್ಬರೂ ಬಿದ್ದಿಲ್ಲ" ಎಂದರು. ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು. ಕಾಕಾನ ಹೆಂಡತಿ ಕಾಕೂ ಒಲೆಯ ಮೇಲಿನ ರೊಟ್ಟಿ ಬಿಟ್ಟು ಓಡಿಬಂದು ಉಂಡು ಹೋಗಲು ಕೇಳಿಕೊಂಡಳು. ಅಣ್ಣಿಗೇರಿಯಲ್ಲಿ ನಾಳೆ ಮುಂಜಾನೆ ಹತ್ತಿ ಏರಿಸುವುದಿದೆ, ರಾತ್ರಿ ಅಲ್ಲೇ ಇರುತ್ತೇನೆ ಎಂದು ಅವರು ಟೆಂಪೊ ಹೊರಡಿಸಿಯೇಬಿಟ್ಟರು. ಮನೆಯ ಅಳಿಯ ಉಣ್ಣದೆ ಎದ್ದು ಹೋದದ್ದಕ್ಕೆ ಕಾಕೂ ನನ್ನ ಜೊತೆ ಮರುದಿನ ಮುಂಜಾನೆಯ ತನಕ ಮಾತಾಡಲಿಲ್ಲ.

ಚರ್ಚೆಯಲ್ಲಿ ಉಳಿದವರು ಕಾಕಾ ಮತ್ತು ನಾನು. ನಾನು ಆಫೀಸಿನಿಂದ ತಂದಿದ್ದ ನ್ಯೂಸ್‌ಪ್ರಿಂಟಿನ ಹಾಳೆಯ ಮೇಲೆ ರೈಲು, ಬಸ್ಸು ಎಂದು ಗೆರೆ ಎಳೆದು ಎರಡು ಮನೆ ಮಾಡಿ, ಹೊರಡುವ ಹೊತ್ತು, ಮುಟ್ಟುವ ಹೊತ್ತು, ಎಷ್ಟು ಕಡೆ ಇಳಿದು ಹತ್ತಬೇಕು ಎಲ್ಲ ಬರೆದು ತೋರಿಸಿದೆ. ಕಾಕಾ ಅದನ್ನು ಓದಿ, ಮಡಿಚಿ, ವಾಪಸು ಕೊಟ್ಟರು. ಆತು, ನಿನ್ನ ರೈಲೇ ಆಗಲಿ ಎಂದರು. ಗೆದ್ದೆ ಎಂದುಕೊಂಡೆ.

ಇಷ್ಟು ಹೊತ್ತೂ ಆಯಿ ಪಡಸಾಲೆಯ ಆ ಬದಿಗೆ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಅವಳನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ನಾವು ಹೊಲದ ಬದುವಿನ ಜಗಳ ಮಾತಾಡುತ್ತಿದ್ದೇವೆ ಎಂದು ತಿಳಿದುಕೊಂಡಿದ್ದಳಂತೆ. ನಾನು ಹತ್ತಿರ ಹೋಗಿ, ನಾಳೆ ಬೆಳಗಿನ ರೈಲಿಗೆ ಹೋಗುತ್ತೇವೆ ಎಂದು ಕೂಗಿ ಹೇಳಿದೆ.

"ನಾಳೆ?" ಎಂದಳು.

ಹೌದೆಂದು ತಲೆಯಾಡಿಸಿದೆ. ಮೊರ ಕೆಳಗಿಟ್ಟು ನನ್ನ ಮುಖ ನೋಡಿದಳು. "ಆತು. ನೀ ಓದಿದಾಂವ, ಏನರ ವ್ಯವಸ್ಥಾ ಮಾಡಿರ್ತಿ" ಎಂದು ಮತ್ತೆ ಮೊರ ಎತ್ತಿಕೊಂಡಳು. ಆಗಲಾದರೂ ನನಗೆ ಹೊಳೆಯಬೇಕಿತ್ತು.

ಮರುದಿನ ಬೆಳಿಗ್ಗೆ ಆಯಿ ಲಿಂಗಪೂಜೆ ಮುಗಿಸಿ, ಇಳಕಲ್ ಸೀರೆ ಉಟ್ಟು, ಖಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿಯ ಬುತ್ತಿ ಕಟ್ಟಿಕೊಂಡು ಕಟ್ಟೆಯ ಮೇಲೆ ಕೂತಿದ್ದಳು. ನಾನು ಚೀಲ ಹಿಡಿದು ಅಂಗಳಕ್ಕೆ ಬಂದೆ. ಬಂಡಿ ನೊಗ ನೆಲಕ್ಕೆ ಊರಿ ಬೇವಿನ ಗಿಡದ ಕೆಳಗೆ ಹಾಯಾಗಿ ನಿಂತಿತ್ತು. ಕಾಕಾ ಎತ್ತುಗಳ ಮೈ ತೊಳೆದು, ಹಣೆಗೆ ವಿಭೂತಿ ಹಚ್ಚುತ್ತಿದ್ದರು.

"ಕಾಕಾ, ಬಂಡಿ ಹೂಡ್ರಿ. ರೈಲಿಗೆ ಒಂದೂವರಿ ತಾಸು ಉಳದೈತಿ."

"ಯಾವ ಬಂಡಿ?"

"ನಮ್ಮ ಬಂಡಿರಿ."

ಕಾಕಾ ವಿಭೂತಿಯ ಕೈ ಒರೆಸಿಕೊಂಡರು. "ಇವತ್ತ ಸೋಮವಾರ ಐತಲೇ."

ನಮ್ಮ ಕಡೆ ಸೋಮವಾರ ಎತ್ತಿನ ಕೊರಳಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ವಾರ. ಬಿತ್ತುವ ಹದ ತಪ್ಪಿಹೋಗುತ್ತದೆ ಎಂದರೂ ಇಡುವುದಿಲ್ಲ. ಇದನ್ನು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ನಾನು ಹುಟ್ಟಿ ಬೆಳೆದದ್ದು ಅದೇ ಅಂಗಳದಲ್ಲಿ, ಸೋಮವಾರ ಎತ್ತಿನ ಮೈ ತಿಕ್ಕಿಯೇ ಶಾಲೆಗೆ ಹೋದವನು. ನಾಲ್ಕು ವರ್ಷ ಸೋಮವಾರ ನನ್ನ ರಜೆಯಾಗಿ, ಅದು ಎತ್ತಿನದೂ ಹೌದು ಎಂಬುದನ್ನೇ ಮರೆತಿದ್ದೆ.

ನಿನ್ನೆಯೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ನನ್ನ ದನಿ ಏರಿತ್ತು ಎಂದು ಒಪ್ಪಿಕೊಳ್ಳುತ್ತೇನೆ.

"ನೀ ಕೇಳಿದೇನು? ನಾಕು ತಾಸು ರೈಲು, ಬಸ್ಸು ಅಂತ ಹಾಳಿ ತುಂಬ ಬರದಿ. ಸ್ಟೇಶನ್ನಿಗೆ ಹ್ಯಾಂಗ ಹೋಗೂದು ಅಂತ ಅದರಾಗ ಎಲ್ಲ್ಯರ ಬರದೀಯೇನು? ಸೋಮವಾರ ಹೊಂಟಾನ, ಹುಬ್ಬಳ್ಳಿಯಿಂದ ಮೋಟಾರು ಗೀಟಾರು ತರಸ್ತಾನ ಅಂದ್ಕೊಂಡ್ವಿ."

ಹಾಳೆ ನನ್ನ ಜೇಬಿನಲ್ಲೇ ಇತ್ತು. ತೆಗೆದು ನೋಡುವ ಅಗತ್ಯವಿರಲಿಲ್ಲ. ಎಲ್ಲರಿಗೂ ಗೊತ್ತಿರುವುದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ವರದಿಗಾರರ ಪ್ರತಿ ತಿದ್ದುವಾಗ ನಾನು ಮೊದಲು ಹುಡುಕುತ್ತಿದ್ದ ತಪ್ಪೇ ಅದು.

ನಾಲ್ಕೇ ಮೈಲಿ, ಬರಿ ಬಂಡಿ, ಆಯಿಯ ಸಲುವಾಗಿ ಒಂದು ದಿನ ಎಂದು ವಾದಿಸಿದೆ. ಬೇರೆಯವರ ಎತ್ತು ಕೇಳೋಣವೇ ಎಂದೆ. ಯಾರ ಎತ್ತಿಗೆ ಸೋಮವಾರ ಇಲ್ಲ ಹೇಳು ಎಂದರು ಕಾಕಾ. ಜಗಳ ನಡೆದಿದೆ ಎಂದು ಆಯಿಗೆ ನಮ್ಮ ಕೈ ನೋಡಿ ತಿಳಿಯಿತು. ಏನು ಎಂದು ಕೇಳಿದಳು. ಕಾಕಾ ಹೋಗಿ ಅವಳ ಬಲಗಿವಿಗೆ ಹೇಳಿದರು. ಅವಳು ನನ್ನನ್ನು ಕರೆದಳು.

"ನನ್ನ ಕಿವಿ ಸಲುವಾಗಿ ಅವುಗಳ ಸೋಮವಾರ ಕೆಡಸಬ್ಯಾಡ ತಮ್ಮಾ. ನಡಕೋತ ಹೋಗೂಣು, ಏಳು."

ಎಪ್ಪತ್ತು ದಾಟಿದವಳು ನಾಲ್ಕು ಮೈಲಿ ನಡೆದು ರೈಲು ಹಿಡಿಯುವುದು ಆಗದ ಮಾತು. ಪಕ್ಕದ ಮನೆಯಿಂದ ಸೈಕಲ್ ತಂದೆವು. ಹಿಂದಿನ ಕ್ಯಾರಿಯರಿಗೆ ಕೌದಿ ಮಡಿಚಿ ಕಟ್ಟಿ ಆಯಿಯನ್ನು ಅಡ್ಡಡ್ಡ ಕೂಡಿಸಿದೆವು. ನಾನು ಹ್ಯಾಂಡಲ್ ಹಿಡಿದು ತಳ್ಳುವುದು, ಕಾಕಾ ಹಿಂದಿನಿಂದ ಅವಳ ಬೆನ್ನು ಹಿಡಿಯುವುದು. ಬಂಡಿಯ ಗಾಲಿ ಕೊರೆದ ದಾರಿಯಲ್ಲಿ ಸೈಕಲ್ ನೆಟ್ಟಗೆ ಹೋಗುವುದಿಲ್ಲ. ಆಯಿ ಮಾತ್ರ ಬುತ್ತಿ ತೊಡೆಯ ಮೇಲಿಟ್ಟುಕೊಂಡು, ಎರಡೂ ಬದಿಯ ಹೊಲ ನೋಡುತ್ತ, ಯಾರು ಕಸ ತೆಗೆಸಿಲ್ಲ, ಯಾರ ಕಡಲೆಗೆ ಹುಳ ಬಿದ್ದಿದೆ ಎಂದು ಹೇಳುತ್ತ ಬಂದಳು. ಒಮ್ಮೆ ಇಳಿಸಲು ಹೇಳಿ, ಬೇರೆಯವರ ಹೊಲದಲ್ಲಿ ಬಿದ್ದಿದ್ದ ಹತ್ತಿಯ ತೊಳೆ ಎತ್ತಿ ಗಿಡದ ಮೇಲೆ ಇಟ್ಟು ಬಂದಳು. ಮತ್ತೆ ಹತ್ತಿಸಲು ನಮಗೆ ಐದು ನಿಮಿಷ ಹಿಡಿಯಿತು.

ನಮ್ಮ ಸೀಮೆ ಚಪ್ಪಟೆ. ರೈಲು ಬರುವುದು ಮೈಲಿಗಟ್ಟಲೆ ದೂರದಿಂದ ಕಾಣುತ್ತದೆ. ನಾವು ಇನ್ನೂ ಒಂದು ಮೈಲಿ ಹಿಂದಿರುವಾಗ ಹುಬ್ಬಳ್ಳಿಯ ಕಡೆಯಿಂದ ಹೊಗೆ ಕಂಡಿತು. ಆಮೇಲೆ ಡಬ್ಬಿಗಳು ಕಂಡವು. ಅದು ಸ್ಟೇಶನ್ನಿನಲ್ಲಿ ನಿಂತದ್ದು, ನಿಂತು ಹೊರಟದ್ದು, ಗದಗಿನ ಕಡೆಗೆ ಸಣ್ಣದಾಗುತ್ತ ಹೋದದ್ದು, ಎಲ್ಲವನ್ನೂ ನಾವು ಸೈಕಲ್ ತಳ್ಳುತ್ತಲೇ ನೋಡಿದೆವು. ಕಾಕಾ ಆಯಿಯ ಬೆನ್ನು ಹಿಡಿದುಕೊಂಡೇ ನಡೆದರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಅಣ್ಣಿಗೇರಿಯ ಚಹಾದ ಅಂಗಡಿಯ ಮುಂದೆ ಮಾವನ ಟೆಂಪೊ ನಿಂತಿತ್ತು. ಅಂಡಿಗೆಗಳನ್ನು ಏರಿಸಿ ಆಗಿತ್ತು. ಮಾವ ಬಸಿಯಲ್ಲಿ ಚಹಾ ಸುರುವಿಕೊಂಡು ಕುಡಿಯುತ್ತಿದ್ದರು. ಸೈಕಲ್ ನೋಡಿದರು, ಆಯಿಯನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು.

"ಏನ್ರಿ ಪೇಪರ್ ಸಾಹೇಬ್ರ, ನಿಮ್ಮ ರೈಲಿಗೆ ಎರಡ ಗಾಲಿ ಅದಾವಲ್ರಿ?"

ಅಂಗಡಿಯವರೆಲ್ಲ ನಕ್ಕರು. ಕಾಕಾನೂ ನಕ್ಕರು, ಬೆಳಗಿನಿಂದ ಮೊದಲ ಸಲ. ಮಾವ ಎದ್ದು ಹೋಗಿ ಎಡಗಡೆಯ ಬಾಗಿಲಿನ ಹಗ್ಗ ಬಿಚ್ಚಿ, "ಅತ್ತಿ, ಏರ್ರಿ" ಎಂದರು. ಕಾಕಾ ಸೈಕಲ್ ಹತ್ತಿ ಊರಿಗೆ ತಿರುಗಿದರು. ಆಯಿ ನಡುವೆ, ನಾನು ಬಾಗಿಲ ಬದಿಗೆ. ಹಗ್ಗದ ತುದಿಯನ್ನು ತಂದು ಮಾವ ನನ್ನ ಕೈಯಲ್ಲೇ ಕೊಟ್ಟರು. ಗದಗ ಬರುವತನಕ ಗಟ್ಟಿಯಾಗಿ ಹಿಡಿದುಕೊಂಡಿರಬೇಕು ಎಂದರು. ಹಿಡಿದುಕೊಂಡೆ. ಬುತ್ತಿ ಬಿಚ್ಚಿಸಿ, ನಿನ್ನೆ ಬಿಟ್ಟುಹೋದ ಊಟದ ಬದಲಿಗೆ ಆಯಿ ಅವರಿಗೆ ಎರಡು ರೊಟ್ಟಿ ತಿನ್ನಿಸಿದಳು. ಅವರು ಒಂದು ಕೈಯಿಂದ ಟೆಂಪೊ ನಡೆಸುತ್ತ ತಿಂದರು. ಇದನ್ನೂ ನಾನು ಕಂಡೆ. ಈ ಸಲ ಹೇಳಲಿಲ್ಲ.

ಗದಗಿನಿಂದ ಬಿಜಾಪುರದ ಬಸ್ಸು ಹೊರಡುವಾಗ ಬಿಸಿಲು ಏರಿತ್ತು. ಬಸ್ಸು ತುಂಬಿತ್ತು. ಡ್ರೈವರು ಆಯಿಗೆ ಇಂಜಿನ್ ಮುಚ್ಚಳದ ಪಕ್ಕದ ಸೀಟು ಕೊಡಿಸಿದರು. ನಾನು ಸರಳು ಹಿಡಿದು ನಿಂತೆ. ಆ ಇಂಜಿನ್ನಿನ ಸದ್ದಿಗೆ ನನ್ನ ಪಕ್ಕದವರು ಏನು ಹೇಳುತ್ತಾರೆಂದು ನನಗೆ ಕೇಳುತ್ತಿರಲಿಲ್ಲ. ಪ್ರತಿ ಸ್ಟಾಪಿನಲ್ಲೂ, ಸ್ಟಾಪು ಅಲ್ಲದ ಕಡೆಯೂ ಬಸ್ಸು ನಿಂತಿತು. ಕೈ ಮಾಡಿದರೆ ನಿಲ್ಲುತ್ತದೆ ಎಂದು ಕಾಕಾ ಹೇಳಿದ್ದು ಸುಳ್ಳಲ್ಲ. ಗುಮ್ಮಟ ಸಂಜೆ ಮುಚ್ಚುತ್ತದೆ. ನಾನು ಹತ್ತು ನಿಮಿಷಕ್ಕೊಮ್ಮೆ ಗಡಿಯಾರ ನೋಡುತ್ತಿದ್ದೆ. ಹಾದಿಯಲ್ಲಿ ಒಮ್ಮೆ ಆಯಿ ನನ್ನ ಅಂಗಿ ಜಗ್ಗಿ ಹತ್ತಿರ ಕರೆದಳು.

"ಈ ಬಸ್ಸು ಅಗದಿ ಸಪ್ಪಳ ಮಾಡೂದಿಲ್ಲ ನೋಡು. ಛಲೋ ಐತಿ."

ಆಮೇಲೆ ಕೆಲ ಹೊತ್ತು ನಾನು ಗಡಿಯಾರ ನೋಡಲಿಲ್ಲ.

ಬಿಜಾಪುರ ಇನ್ನೇನು ಬಂತು ಅನ್ನುವಾಗ ರೈಲಿನ ಗೇಟು ಬಿದ್ದಿತ್ತು. ಕಾದೆವು. ಒಂದು ಪ್ಯಾಸೆಂಜರ್ ಗಾಡಿ ನಿಧಾನವಾಗಿ ನಮ್ಮ ಮುಂದೆಯೇ ದಾಟಿ ಹೋಯಿತು. ಅದು ಬೆಳಿಗ್ಗೆ ನಮ್ಮನ್ನು ಬಿಟ್ಟು ಬಂದ ರೈಲೇ ಎಂದು ಖಾತ್ರಿ ಹೇಳಲಾರೆ. ಅದರಲ್ಲಿ ಖಾಲಿ ಸೀಟುಗಳಿದ್ದವು ಎಂಬುದನ್ನು ಮಾತ್ರ ಖಾತ್ರಿಯಾಗಿ ಹೇಳಬಲ್ಲೆ.

ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ನಾಲ್ಕೂವರೆ ದಾಟಿತ್ತು. ಗುಮ್ಮಟ ಊರ ಮೇಲೆ ಎಲ್ಲಿಂದ ನೋಡಿದರೂ ಕಾಣುತ್ತದೆ, ಆದ್ದರಿಂದ ಯಾರನ್ನು ಕೇಳಿದರೂ ಅಲ್ಲೇ ಕಾಣುತ್ತದಲ್ಲ ಎಂದು ಕೈ ತೋರಿಸಿ ಹೋಗುತ್ತಿದ್ದರು. ಸಿಟಿ ಬಸ್ಸಿಗೆ ಜನ ಮುಗಿಬಿದ್ದಿದ್ದರು. ಆಟೊದವರು ಇಬ್ಬರಿಗೆ ಬರಲಾರೆವು, ಇನ್ನೂ ಇಬ್ಬರು ಬರಲಿ ಎಂದು ಕಾಯುತ್ತಿದ್ದರು. ಇನ್ನೊಮ್ಮೆ ಏನನ್ನೂ ಆರಿಸುವ ತಾಳ್ಮೆ ನನ್ನಲ್ಲಿ ಉಳಿದಿರಲಿಲ್ಲ. ಎದುರಿಗೆ ನಿಂತಿದ್ದ ಟಾಂಗಾದಲ್ಲಿ ಚೀಲ ಇಟ್ಟೆ. ಆಯಿ ಹತ್ತಲಿಲ್ಲ. ಕುದುರೆಯ ಹತ್ತಿರ ಹೋಗಿ ಅದರ ಕೊರಳು ಮುಟ್ಟಿ ನೋಡಿದಳು, ನೊಗ ಉಜ್ಜಿ ಗಾಯವಾಗಿದೆಯೇ ಎಂದು ಎತ್ತನ್ನು ನೋಡುವ ಹಾಗೆ. ಆಮೇಲೆ ಟಾಂಗಾದ ಮುದುಕನನ್ನು ಕೇಳಿದಳು.

"ಇದಕ್ಕ ಸೋಮವಾರ ಇಲ್ಲೇನಪಾ?"

ನಾನು ತಲೆ ಹಿಡಿದುಕೊಂಡೆ. ಮುದುಕನಿಗೆ ಮಾತ್ರ ಪ್ರಶ್ನೆ ತಕ್ಷಣ ಅರ್ಥವಾಯಿತು. ಅವಳ ಕಿವಿಯ ಸಂಗತಿಯೂ ಅರ್ಥವಾಗಿರಬೇಕು. ಬಗ್ಗಿ, ಬಿಡಿಸಿ ಬಿಡಿಸಿ ಗಟ್ಟಿಯಾಗಿ ಹೇಳಿದ: "ಇದರದು ಶುಕ್ರವಾರ ಸೂಟಿರಿ ಅವ್ವಾ. ನಾ ನಮಾಜಿಗೆ ಹೋಗ್ತೀನಿ, ಇದು ಮೇವು ತಿಂತದ."

ಆಯಿಗೆ ಸಮಾಧಾನವಾಯಿತು. ಹತ್ತಿ ಕೂತಳು.

ಗುಮ್ಮಟದ ಮೆಟ್ಟಿಲುಗಳು ಮೂಲೆಯ ಗೋಪುರದೊಳಗೆ ಸುತ್ತುತ್ತ ಏರುತ್ತವೆ. ಇಕ್ಕಟ್ಟು, ಕತ್ತಲು, ಎತ್ತರದ ಮೆಟ್ಟಿಲು. ಬಾಗಿಲಲ್ಲಿದ್ದ ಕಾವಲುಗಾರ ಇನ್ನು ಮುಚ್ಚುವ ಹೊತ್ತಾಯಿತು, ಮುದುಕಿಯನ್ನು ಕರೆದುಕೊಂಡು ಹೋಗಬೇಡಿ ಎಂದ. ಆಯಿಗೆ ಅದು ಕೇಳಿಸಲಿಲ್ಲ, ಅಥವಾ ಕೇಳಿಸದವಳ ಹಾಗೆ ನಡೆದಳು. ಪ್ರತಿ ಅಂತಸ್ತಿನ ಕಿಂಡಿಯಲ್ಲೂ ಕೂತಳು. ನಾವು ಕೂತಾಗಲೆಲ್ಲ ಮೇಲಿನಿಂದ ಶಾಲೆಯ ಪ್ರವಾಸದ ಮಕ್ಕಳ ಕೂಗು, ಸಿಳ್ಳೆ, ಚಪ್ಪಾಳೆ ಒಂದರ ಮೇಲೊಂದು ಬಿದ್ದು ಜೇನುಗೂಡಿನಂತೆ ಕೇಳುತ್ತಿತ್ತು. ಈ ಗದ್ದಲದಲ್ಲಿ ಒಳ್ಳೆಯ ಕಿವಿಯವನಿಗೂ ಏನೂ ತಿಳಿಯದು. ಇಷ್ಟು ದೂರ ಇದಕ್ಕೇ ಬಂದೆವೇ ಎಂದು ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಎಂಬುದು ಮಾತ್ರ ಗೊತ್ತಿರಲಿಲ್ಲ. ಐದನೆಯ ಅಂತಸ್ತಿನಲ್ಲಿ ನಾವು ಗೋಡೆಗೆ ಅಂಟಿ ನಿಂತು ಇಳಿಯುವ ಮಕ್ಕಳಿಗೆ ದಾರಿ ಬಿಟ್ಟೆವು. ಅದಕ್ಕೂ ಹತ್ತು ನಿಮಿಷ ಹೋಯಿತು.

ಮೇಲೆ ಮುಟ್ಟಿದಾಗ ಗುಮ್ಮಟದ ಸುತ್ತಿನ ಮೊಗಸಾಲೆಯಲ್ಲಿ ಇದ್ದವನು ಇನ್ನೊಬ್ಬ ಕಾವಲುಗಾರ ಮಾತ್ರ. ಕೊನೆಯ ಪಾಳಿಯವರನ್ನು ಇಳಿಸಿ ತಾನೂ ಇಳಿಯಲು ನಿಂತಿದ್ದ. ಎರಡು ನಿಮಿಷ ಕೇಳಿಕೊಂಡೆ. ಅವನು ಆಯಿಯನ್ನು ನೋಡಿ, ಸಿಳ್ಳೆಯನ್ನು ಜೇಬಿಗೆ ಹಾಕಿಕೊಂಡ.

ಆಯಿ ಸೆರಗನ್ನು ಬಲಗಿವಿಯಿಂದ ಹಿಂದಕ್ಕೆ ಸರಿಸಿದಳು. ಕಟಾಂಜನ ಹಿಡಿದು ಕೆಳಗೆ ನೋಡಲಿಲ್ಲ, ಮೇಲೆ ನೋಡಲಿಲ್ಲ, ಎದುರಿನ ಗೋಡೆಯನ್ನು ಹೊಲದ ಆ ಬದುವನ್ನು ನೋಡುವ ಹಾಗೆ ನೋಡಿದಳು. ಹೆಂಗಸರು ನಮ್ಮಲ್ಲಿ ಎತ್ತು ಹೊಳ್ಳಿಸುವುದಿಲ್ಲ. ಅವಳು ಹಾಗೆ ಕೂಗಿದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ.

"ಹೋ... ಬಾ."

ನಾನು ಎಣಿಸಿದೆ, ಅದು ನನ್ನ ಕಸುಬಿನ ಚಾಳಿ. ಏಳು ಸಲ ಬಂತು. ಏಳನೆಯದು ಬರಿ ಉಸಿರಿನಷ್ಟಿತ್ತು, ಆದರೆ ಬಂತು.

ಆಯಿ ಆ ಕಡೆಗೇ ತಲೆ ವಾಲಿಸಿ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದಳು. ಆಮೇಲೆ ನನ್ನ ಕಡೆ ತಿರುಗಿ ಮೂರು ಬೆರಳು ತೋರಿಸಿದಳು.

"ನಿಮ್ಮಜ್ಜ ಏಳು ಅಂತಿದ್ರು. ಮೂರ ಬಂದ್ವು."

ಬೇರೆಯವರ ಲೆಕ್ಕ ತಪ್ಪಿದರೆ ಕೆಂಪು ಮಸಿಯಲ್ಲಿ ಗೆರೆ ಎಳೆಯುವುದು ನನ್ನ ಕೆಲಸ. ಅವಳ ಕಿವಿಯ ಹತ್ತಿರ ಬಗ್ಗಿದೆ. ಕಾವಲುಗಾರ ನನ್ನನ್ನೇ ನೋಡುತ್ತಿದ್ದ, ಅವನಿಗೂ ಏಳು ಕೇಳಿಸಿತ್ತು.

"ಹೌದು ಆಯಿ, ಮೂರ ಬಂದ್ವು" ಎಂದು ಕೂಗಿದೆ. ಇಡೀ ಗುಮ್ಮಟ ಆ ಸುಳ್ಳನ್ನು ನನಗೆ ಒಂದೊಂದಾಗಿ ತಿರುಗಿ ಹೇಳಿತು.

ಆಯಿ ಸೆರಗು ಹೊದ್ದುಕೊಂಡಳು. "ಉಳದ ನಾಕು ಮೇಯಾಕ ಹೋಗಿರಬೇಕು. ಸೋಮವಾರ ಅಲ್ಲೇನು" ಎಂದಳು.

ಇಳಿಯುವಾಗ ಪ್ರತಿ ಕಿಂಡಿಯಲ್ಲಿ ಮತ್ತೆ ಕೂತಳು. ನಾಲ್ಕನೆಯ ಕಿಂಡಿಯಲ್ಲಿ ನಾನು ನಾಳೆ ತಿರುಗಿ ಹೋಗುವುದು ರೈಲಿಗೋ ಬಸ್ಸಿಗೋ ಎಂದು ಅವಳನ್ನೇ ಕೇಳಿದೆ. ಭಾನುವಾರದ ನಾಲ್ಕು ತಾಸಿನಲ್ಲಿ ಕೇಳದ ಪ್ರಶ್ನೆ. ಅವಳು ಯೋಚನೆ ಮಾಡುವ ಗೋಜಿಗೇ ಹೋಗಲಿಲ್ಲ. ಯಾವುದರಲ್ಲಾದರೂ ಅಣ್ಣಿಗೇರಿ ಮುಟ್ಟಿಸು, ನಾಳೆ ಮಂಗಳವಾರ, ಸಂಜಿ ಮುಂದ ಬಂಡಿ ಹೂಡಿಕೊಂಡು ಸ್ಟೇಶನ್ನಿಗೆ ಬಾ ಅಂತ ನಿಮ್ಮ ಕಾಕಾಗ ಹೇಳಿ ಬಂದೇನಿ ಎಂದಳು.